ಕಡತದಿಂದ ಕಾಂತಪಟ್ಟಿಯವರೆಗೆ: ವ್ಯವಹಾರದ ಲೆಕ್ಕಪತ್ರಗಳ ಚಿರಸಂರಕ್ಷಣೆ

ಮನುಷ್ಯನ ನೆನಪು ಅಲ್ಪಾಯು. ಅವನ ವ್ಯವಹಾರವಾದರೋ ದೀರ್ಘಾಯು. ತಂದೆ ಮಾಡಿದ ಸಾಲವನ್ನು ಮಗನು ತೀರಿಸಬೇಕಾಗುತ್ತದೆ. ಅಜ್ಜನು ಕೊಂಡ ನೆಲದ ಎಲ್ಲೆಗಾಗಿ ಮೊಮ್ಮಗನು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಬಾಯಿಮಾತಿನ ಸಾಕ್ಷಿಗಳು ಕಾಲವಶರಾದ ಮೇಲೆ ಉಳಿಯುವುದು ಬರೆಹವೊಂದೇ. ಬರೆಹವಿಲ್ಲದ ಕಡೆ ಏನಾಗುತ್ತದೆಂಬುದನ್ನು “ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ” ಎಂಬ ಗಾದೆಯೇ ಸಾರುತ್ತದೆ. ಆದುದರಿಂದ ಲೆಕ್ಕವನ್ನು ಬರೆಯುವುದು ಎಷ್ಟು ಮುಖ್ಯವೋ, ಬರೆದ ಲೆಕ್ಕವನ್ನು ಬೇಕಾದಷ್ಟು ಕಾಲ ಕೆಡದಂತೆ ಕಾಪಾಡುವುದೂ ಅಷ್ಟೇ ಮುಖ್ಯ. ಗಣಕಯಂತ್ರದ ಈ ಯುಗದಲ್ಲಿ ‘ದತ್ತಾಂಶ ಸಂರಕ್ಷಣೆ’ ಎಂಬ ಹೊಸ ಹೆಸರನ್ನು ಪಡೆದಿರುವ ಈ ಕಾರ್ಯವು ವಾಸ್ತವವಾಗಿ ಬಹು ಹಳೆಯದು. ಅದರ ಮರ್ಮವನ್ನು ಅರಿಯಲು ದೂರ ಹೋಗಬೇಕಾಗಿಲ್ಲ; ಬೆಂಗಳೂರಿನ ಉತ್ತರ ಭಾಗದ ಹೆಬ್ಬಾಳ, ಯಶವಂತಪುರ, ಯಲಹಂಕಗಳನ್ನು ಒಮ್ಮೆ ಸುತ್ತಿ ಬಂದರೆ ಸಾಕು.

ಕಣಜವೂ ಹಗೇವೂ

ಮೊದಲು ಒಂದು ಭೇದವನ್ನು ತಿಳಿಯಬೇಕು. ರಾಗಿಯ ಸೀಮೆಯಾದ ಯಲಹಂಕ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆಯ ಹಳೆಯ ರೈತರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ದಿನಬಳಕೆಯ ಧಾನ್ಯವನ್ನು ಅವರು ಕಣಜದಲ್ಲಿ ಇಡುತ್ತಿದ್ದರು. ಬರಗಾಲಕ್ಕೆಂದು ಮೀಸಲಿಟ್ಟುದನ್ನು ಹಗೇವಿನಲ್ಲಿ ತುಂಬುತ್ತಿದ್ದರು. ನೀರು ನಿಲ್ಲದ ಗಟ್ಟಿ ನೆಲವನ್ನು ಆರಿಸಿ, ಆಳವಾಗಿ ತೋಡಿ, ಒಳಗೆ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣಿನಿಂದ ಬಿಗಿಮಾಡಿದರೆ ಅದು ಅನೇಕ ವರ್ಷಗಳವರೆಗೆ ಕೆಡದೆ ಉಳಿಯುತ್ತಿತ್ತು. ತೆರೆಯುವಾಗ ಒಳಗಿನ ಗಾಳಿ ಪ್ರಾಣಾಪಾಯಕರವಾಗಿರಬಹುದೆಂದು ಮೊದಲು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರದಿದ್ದರೆ ಮಾತ್ರ ಮನುಷ್ಯನು ಇಳಿಯುತ್ತಿದ್ದನು.

ವ್ಯವಹಾರದ ದತ್ತಾಂಶಕ್ಕೂ ಕಣಜ, ಹಗೇವುಗಳೆರಡೂ ಬೇಕು. ಗಣಕಯಂತ್ರ ಕೆಟ್ಟರೆ ನಿನ್ನೆಯ ಸ್ಥಿತಿಗೆ ಮರಳಲು ಪ್ರತಿದಿನ ತೆಗೆದಿಡುವ ಪಡಿಪ್ರತಿಗೆ ‘ಬ್ಯಾಕಪ್’ ಎಂದು ಹೆಸರು. ಇದು ಕಣಜದಂತೆ, ದಿನದಿನವೂ ಹೊಸದು ಬಂದು ಹಳೆಯದು ಹೋಗುತ್ತಿರುತ್ತದೆ. ಮುಗಿದುಹೋದ ವರ್ಷದ ಲೆಕ್ಕವನ್ನು ಇನ್ನು ಯಾರೂ ತಿದ್ದಲಾಗದಂತೆ ಮೊಹರು ಮಾಡಿ ಬೇರೆಯಾಗಿ ಇರಿಸುವುದು ಹಗೇವಿನ ಕೆಲಸ. ಇದೇ ದೀರ್ಘಕಾಲೀನ ಸಂರಕ್ಷಣೆ. ಬ್ಯಾಕಪ್ ಇದ್ದರೆ ಸಂರಕ್ಷಣೆಯೂ ಆಯಿತೆಂದು ತಿಳಿಯುವುದು ಬಹುಜನರ ತಪ್ಪು. ಚೈತ್ರದಲ್ಲಿ ಯಾರೋ ಅಳಿಸಿದ ಒಂದು ಕಲಮು ಅಂದಿನ ಪಡಿಪ್ರತಿಯಿಂದಲೂ ಅಳಿಯುತ್ತದೆ. ಕಾರ್ತಿಕದಲ್ಲಿ ಆ ನಷ್ಟ ಗೋಚರಿಸುವ ವೇಳೆಗೆ ಅಳಿಸದಿದ್ದ ಪ್ರತಿಯೊಂದೂ ಉಳಿದಿರುವುದಿಲ್ಲ.

ಕಲ್ಲಿನ ಬಾಳು

ಹೆಬ್ಬಾಳದಲ್ಲಿ ಕೆಲವು ವರ್ಷಗಳ ಹಿಂದೆ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗದೊರೆ ಶ್ರೀಪುರುಷನ ಕಾಲದ ಆ ಶಾಸನವನ್ನು ವಿದ್ವಾಂಸರು ಕ್ರಿ.ಶ. ೭೫೦ರ ಸುಮಾರಿನದೆಂದು ನಿರ್ಣಯಿಸಿದ್ದಾರೆ. ಕಿತ್ತಯನೆಂಬ ವೀರನು ಕಾದಿ ಮಡಿದುದನ್ನು ತಿಳಿಸುವ ಆ ಕಲ್ಲಿನಲ್ಲಿ ಹೆಬ್ಬಾಳದ ಹಳೆಯ ಹೆಸರಾದ ‘ಪೆರ್ಬೊಳಲ್’ ಎಂಬುದೂ ಉಳಿದುಬಂದಿದೆ. ಸಾವಿರದ ಇನ್ನೂರು ವರ್ಷಗಳಿಗೂ ಮೀರಿದ ಕಾಲ ಅದನ್ನು ಯಾರೂ ನವೀಕರಿಸಲಿಲ್ಲ, ಯಾರೂ ಪ್ರತಿಮಾಡಲಿಲ್ಲ. ಆದರೂ ಅಕ್ಷರ ಬಲ್ಲವನಿಗೆ ಅದು ಇಂದಿಗೂ ಮಾತನಾಡುತ್ತದೆ.

ಕಲ್ಲು ಕೇವಲ ವೀರರಿಗೆ ಮೀಸಲಾಗಿರಲಿಲ್ಲ. ಅಯ್ಯಾವೊಳೆಯ ಐನೂರ್ವರೇ ಮೊದಲಾದ ವರ್ತಕ ಸಂಘಗಳು ತಾವು ಬಿಟ್ಟ ಸುಂಕ, ಕೊಟ್ಟ ದತ್ತಿಗಳನ್ನು ಕಲ್ಲಿನಲ್ಲಿಯೇ ಕಂಡರಿಸಿದರು. ಇಂತಹ ಶಾಸನಗಳ ಕಟ್ಟನ್ನು ಗಮನಿಸಿದರೆ ಇಂದಿನ ದಾಖಲೆಯ ಎಲ್ಲ ಲಕ್ಷಣಗಳೂ ಕಾಣುತ್ತವೆ: ಕಾಲನಿರ್ದೇಶ, ಕೊಟ್ಟವರ ಹೆಸರು, ಪಡೆದವರ ಹೆಸರು, ನೆಲದ ಚತುಸ್ಸೀಮೆ, ಸಾಕ್ಷಿಗಳು, ಕೊನೆಗೆ ಇದನ್ನು ಅಳಿಪಿದವನಿಗೆ ಶಾಪ. ತಾಮ್ರಪಟಗಳಲ್ಲಿ ಹಲಗೆಗಳನ್ನು ಬಳೆಯೊಂದರಿಂದ ಪೋಣಿಸಿ ಬೆಸುಗೆಯ ಮೇಲೆ ರಾಜಮುದ್ರೆಯನ್ನು ಒತ್ತುತ್ತಿದ್ದುದು ನಡುವೆ ಹಲಗೆಯನ್ನು ಸೇರಿಸಲು ಅಥವಾ ತೆಗೆಯಲು ಆಗದಿರಲೆಂದೇ.

ಕಲ್ಲಿಗೂ ಮಿತಿಯಿದೆ. ಅದು ಹಿಡಿಯುವುದು ಕೆಲವೇ ಪಂಕ್ತಿಗಳನ್ನು. ಜೊತೆಗೆ ನಗರ ಬೆಳೆದಂತೆ ಕಲ್ಲೂ ಚರಂಡಿಯ ಚಪ್ಪಡಿಯಾಗಬಹುದು. ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಓದಿಸಿ, ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಎಷ್ಟೋ ಕಲ್ಲುಗಳು ಇಂದು ಸ್ಥಳದಲ್ಲಿಲ್ಲ. ಮೂಲ ಅಳಿದಿದೆ, ಪ್ರತಿ ಉಳಿದಿದೆ. ೧೯೦೯ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ಬೆಂಗಳೂರಿನ ಸುತ್ತಣ ಶಾಸನಗಳನ್ನು ಬೆಳಕಿನ ಯಂತ್ರದಿಂದ ಮೂರು ಆಯಾಮಗಳಲ್ಲಿ ಅಳೆದು ಗಣಕಯಂತ್ರದಲ್ಲಿ ಕಾಪಿಡುತ್ತಿರುವುದು ಇದೇ ಕಾರಣಕ್ಕೆ. ಕಲ್ಲಿನಂತಹ ಕಲ್ಲಿಗೂ ಪ್ರತಿಯೊಂದು ಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

ವರ್ತಕನ ಕಡತ

ದಿನನಿತ್ಯದ ವ್ಯಾಪಾರವನ್ನು ಕಲ್ಲಿನಲ್ಲಿ ಕೆತ್ತಲಾಗದು. ಅದಕ್ಕಾಗಿ ಕನ್ನಡ ನಾಡು ಕಂಡುಕೊಂಡ ಸಾಧನವೇ ‘ಕಡತ’. ಇಂದು ಕಚೇರಿಯ ಕಾಗದದ ಕಟ್ಟಿಗೆಲ್ಲ ಬಳಕೆಯಾಗುತ್ತಿರುವ ಈ ಶಬ್ದವು ಮೂಲತಃ ಬಟ್ಟೆಯ ಪುಸ್ತಕವೊಂದರ ಹೆಸರು. ಉದ್ದನೆಯ ಹತ್ತಿಬಟ್ಟೆಯ ಎರಡೂ ಬದಿಗೆ ಹುಣಿಸೆಬೀಜದ ಸರಿಯಲ್ಲಿ ಇದ್ದಿಲ ಪುಡಿಯನ್ನು ಕಲಸಿ ಬಳಿದು, ಒಣಗಿಸಿ, ಕತ್ತರಿಸದೆಯೇ ಸಮನಾದ ಮಡಿಕೆಗಳಾಗಿ ಮಡಿಸಿ, ಎರಡು ತುದಿಗಳಿಗೆ ಮರದ ಹಲಗೆಗಳನ್ನು ಕೂಡಿಸಿದರೆ ಕಡತ ಸಿದ್ಧ. ಆ ಕಪ್ಪು ಹಾಳೆಯ ಮೇಲೆ ಬಳಪದಿಂದ ಬಿಳಿಯ ಅಕ್ಷರಗಳನ್ನು ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರು ೧೮೧೦ರಲ್ಲಿ ಪ್ರಕಟವಾದ ತಮ್ಮ ಇತಿಹಾಸ ಗ್ರಂಥದಲ್ಲಿ ಈ ಕಡತವನ್ನು ವಿವರವಾಗಿ ಬಣ್ಣಿಸಿ, ವರ್ತಕರೂ ಅಂಗಡಿಯವರೂ ಲೆಕ್ಕಕ್ಕೆ ಅದನ್ನು ಬಳಸುತ್ತಿದ್ದುದನ್ನು ಹೇಳಿದ್ದಾರೆ. ಶೃಂಗೇರಿಯ ಮಠದಲ್ಲಿ ಉಳಿದುಬಂದ ಕಡತಗಳನ್ನು ಡಾ. ಎ. ಕೆ. ಶಾಸ್ತ್ರಿ ಅವರು ಪರಿಶೋಧಿಸಿ ಪ್ರಕಟಿಸಿದುದರಿಂದ ಸಂಸ್ಥೆಯೊಂದರ ಆಡಳಿತ, ಆದಾಯ, ಭೂಮಿಕಾಣಿಗಳ ವಿವರ ಇತಿಹಾಸಕಾರರಿಗೆ ದೊರೆತಿದೆ.

ಕಡತದ ಬಟ್ಟೆ ಕಾಗದಕ್ಕಿಂತ ಗಟ್ಟಿ. ಆದರೆ ಅದರ ಗುಣವೇ ಅದರ ದೋಷ. ಹಲಗೆಯಂತೆ ಅದನ್ನು ಒರಸಿ ಮತ್ತೆ ಬರೆಯಬಹುದು. ವಸ್ತು ಉಳಿಯುತ್ತದೆ, ವಿಷಯ ಅಳಿಯುತ್ತದೆ. ಇದು ಹಳೆಯ ಕಾಲದ ಕಥೆಯೆಂದು ನಗುವಂತಿಲ್ಲ. ೧೯೬೯ರಲ್ಲಿ ಮಾನವನು ಚಂದ್ರನ ಮೇಲೆ ಮೊದಲು ಕಾಲಿಟ್ಟಾಗ ಅಲ್ಲಿಂದ ಬಂದ ಚಿತ್ರಗಳನ್ನು ಹಿಡಿದಿದ್ದ ಮೂಲ ಕಾಂತಪಟ್ಟಿಗಳನ್ನು, ಪಟ್ಟಿಯ ಕೊರತೆಯಿದ್ದ ಕಾಲದಲ್ಲಿ ಒರಸಿ ಬೇರೆ ಕೆಲಸಕ್ಕೆ ಬಳಸಿರುವುದೇ ಸಂಭವವೆಂದು ಅಮೆರಿಕದ ನಾಸಾ ಸಂಸ್ಥೆಯೇ ೨೦೦೯ರಲ್ಲಿ ಒಪ್ಪಿಕೊಂಡಿತು. ಒರಸಬಹುದಾದುದನ್ನು ಒರಸದಂತೆ ಕಾಯುವವರು ಬೇಕು; ಕಾಯುವವರಿಲ್ಲದಿದ್ದರೆ ಬಳಪವೂ ಒಂದೇ, ಕಾಂತವೂ ಒಂದೇ.

ಯಶವಂತಪುರದ ಮಂಡಿ

ಯಶವಂತಪುರದ ಕೃಷಿ ಉತ್ಪನ್ನ ಮಾರುಕಟ್ಟೆಯು ನಾಡಿನ ದೊಡ್ಡ ಸಗಟು ಮಾರುಕಟ್ಟೆಗಳಲ್ಲಿ ಒಂದು. ಧಾನ್ಯ, ಬೇಳೆ, ಈರುಳ್ಳಿ, ಆಲೂಗಡ್ಡೆಗಳ ಲಾರಿಗಳು ಬಂದಿಳಿಯುವ ಇಂತಹ ಮಂಡಿಯಲ್ಲಿ ಲೆಕ್ಕವೆಂಬುದು ಉಸಿರಿನಂತೆ. ಮಂಡಿಯವರು ರೈತನ ಕೈಗೆ ಕೊಡುವ ‘ಪಟ್ಟಿ’ಯಲ್ಲಿ ಮೂಟೆ, ತೂಕ, ಧಾರಣೆ, ಕಳೆದ ಖರ್ಚು, ಸಲ್ಲಬೇಕಾದ ಹಣಗಳಿರುತ್ತವೆ. ಹಳೆಯ ಪದ್ಧತಿಯಲ್ಲಿ ಆಯಾ ದಿನದ ಜಮಾ-ಖರ್ಚು ರೋಜು ಕಿರ್ದಿಯಲ್ಲಿ ಏರುತ್ತಿತ್ತು. ಅಲ್ಲಿಂದ ಪ್ರತಿಯೊಬ್ಬ ಗಿರಾಕಿಯ ಹೆಸರಿನ ಖಾತೆಗೆ ಇಳಿಯುತ್ತಿತ್ತು. ಪುಟದ ಅಡಿಯಲ್ಲಿ ಮೊತ್ತ ಹಾಕಿ, ಅದನ್ನೇ ಮುಂದಿನ ಪುಟದ ತಲೆಯಲ್ಲಿ ‘ಹಿಂದಿನಿಂದ ತಂದುದು’ ಎಂದು ಬರೆಯುತ್ತಿದ್ದರು. ಸಂಜೆಯ ಶಿಲ್ಕು ಪೆಟ್ಟಿಗೆಯ ಹಣಕ್ಕೆ ಸರಿಹೊಂದುವವರೆಗೆ ಗುಮಾಸ್ತನು ಮನೆಗೆ ಹೋಗುತ್ತಿರಲಿಲ್ಲ. ದೀಪಾವಳಿಯಲ್ಲಿ ಹೊಸ ವಹಿಗೆ ಪೂಜೆ ಸಲ್ಲುತ್ತಿತ್ತು. ಹಳೆಯ ವಹಿ ಬಟ್ಟೆಯಲ್ಲಿ ಕಟ್ಟಿಸಿಕೊಂಡು ಅಟ್ಟ ಸೇರುತ್ತಿತ್ತು.

ಅಟ್ಟದಲ್ಲಿ ಅದಕ್ಕೆ ಶತ್ರುಗಳು ಹಲವರು: ಗೆದ್ದಲು, ಇಲಿ, ಸೋರುವ ಮಾಳಿಗೆ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದವು ತನ್ನೊಳಗಿನ ಆಮ್ಲದಿಂದಲೇ ಹಳದಿಯಾಗಿ ಮುರಿಯುತ್ತದೆ. ಚಿಂದಿಬಟ್ಟೆಯ ತಿರುಳಿನಿಂದ ಮಾಡಿದ ಹಳೆಯ ಕಾಗದ ಶತಮಾನಗಳವರೆಗೆ ಬಾಳುತ್ತದೆ. ಈಚೆಗೆ ಅಂಗಡಿಗಳಲ್ಲಿ ಕೊಡುವ ನುಣುಪಾದ ಚಿಕ್ಕ ಬಿಲ್ಲುಗಳಂತೂ ಇನ್ನೂ ಅಲ್ಪಾಯುಗಳು. ಅವುಗಳಲ್ಲಿ ಶಾಯಿಯೇ ಇಲ್ಲ. ಕಾಗದಕ್ಕೆ ಬಳಿದ ರಾಸಾಯನಿಕವು ಶಾಖ ತಾಗಿದೆಡೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಬಿಸಿಲು, ಬೆವರು, ಎಣ್ಣೆ ತಾಗಿದರೆ ಆ ಅಕ್ಷರ ಬೇಗನೆ ಮಾಸಿಹೋಗುತ್ತದೆ. ಅಂತಹ ಬಿಲ್ಲನ್ನು ಬಂದ ದಿನವೇ ಪ್ರತಿಮಾಡಿಡದ ವರ್ತಕನು ಕೆಲವು ವರ್ಷಗಳ ಮೇಲೆ ಬರಿಯ ಬಿಳಿಯ ಚೀಟಿಯನ್ನು ಅಧಿಕಾರಿಯ ಮುಂದೆ ಹಿಡಿಯಬೇಕಾಗುತ್ತದೆ.

ವಹಿಯಿಂದ ಗಣಕಯಂತ್ರಕ್ಕೆ

ವಹಿಯ ಸ್ಥಾನವನ್ನು ಗಣಕಯಂತ್ರ ಆಕ್ರಮಿಸಿದ ಕಥೆಯಲ್ಲಿಯೂ ಬೆಂಗಳೂರಿಗೆ ಹಿರಿದಾದ ಪಾತ್ರವಿದೆ. ಭಾರತದ ಅಸಂಖ್ಯ ವರ್ತಕರು ಬಳಸುವ ‘ಟ್ಯಾಲಿ’ ಎಂಬ ಲೆಕ್ಕದ ತಂತ್ರಾಂಶವು ಈ ನಗರದ್ದೇ. ತಮ್ಮ ಉದ್ಯಮದ ಲೆಕ್ಕಕ್ಕೆ ಒಪ್ಪುವ ತಂತ್ರಾಂಶ ದೊರೆಯದೆ ಶ್ಯಾಮಸುಂದರ ಗೋಯೆಂಕಾ ಅವರು ತಮ್ಮ ಮಗ ಭರತ್ ಗೋಯೆಂಕಾ ಅವರಿಗೆ ಅದನ್ನು ರಚಿಸಲು ಹೇಳಿದರು. ೧೯೮೬ರಲ್ಲಿ ತಂದೆ-ಮಕ್ಕಳು ಸ್ಥಾಪಿಸಿದ ಸಂಸ್ಥೆಯಿಂದ ಅದು ಹೊರಬಂದಿತು.

ಇದರಿಂದ ಲೆಕ್ಕ ಸುಲಭವಾಯಿತು. ಸಂರಕ್ಷಣೆ ಮಾತ್ರ ಕಠಿನವಾಯಿತು. ವಹಿಯನ್ನು ಓದಲು ಕಣ್ಣು, ಬೆಳಕು, ಅಕ್ಷರಜ್ಞಾನ ಸಾಕು. ಗಣಕಯಂತ್ರದ ಲೆಕ್ಕವನ್ನು ಓದಲು ನಾಲ್ಕು ವಸ್ತುಗಳು ಏಕಕಾಲದಲ್ಲಿ ಉಳಿದಿರಬೇಕು: ದತ್ತಾಂಶವಿರುವ ತಟ್ಟೆ ಅಥವಾ ಪಟ್ಟಿ, ಅದನ್ನು ಓದುವ ಯಂತ್ರ, ಆ ಬರೆಹವನ್ನು ಅರ್ಥೈಸುವ ತಂತ್ರಾಂಶ, ಒಳಹೋಗುವ ಗುಪ್ತಪದ. ಇವುಗಳಲ್ಲಿ ಒಂದು ತಪ್ಪಿದರೂ ಉಳಿದ ಮೂರು ನಿಷ್ಪ್ರಯೋಜಕ. ಒಂದು ಕಾಲದಲ್ಲಿ ಎಲ್ಲ ಕಚೇರಿಗಳಲ್ಲಿಯೂ ಇದ್ದ ೧.೪೪ ಮೆಗಾಬೈಟಿನ ಫ್ಲಾಪಿಯನ್ನು ಇಂದು ಓದಲು ಯಂತ್ರವನ್ನೇ ಹುಡುಕಬೇಕು. ಟ್ಯಾಲಿಯಂತಹ ತಂತ್ರಾಂಶದಲ್ಲಿಯೂ ಬಹು ಹಳೆಯ ಆವೃತ್ತಿಯ ಲೆಕ್ಕವನ್ನು ಹೊಸ ಆವೃತ್ತಿಗೆ ಪರಿವರ್ತಿಸಿಕೊಂಡ ಮೇಲೆಯೇ ತೆರೆಯಬೇಕಾಗುತ್ತದೆ.

ಇಂಗ್ಲೆಂಡಿನ ಒಂದು ನಿದರ್ಶನ ಇಲ್ಲಿ ಸ್ಮರಣೀಯ. ಅಲ್ಲಿನ ದೊರೆ ವಿಲಿಯಮ್ಮನು ೧೦೮೬ರಲ್ಲಿ ನೆಲ, ಹೊಲ, ಕಂದಾಯಗಳ ಲೆಕ್ಕವನ್ನು ಚರ್ಮದ ಹಾಳೆಗಳ ಮೇಲೆ ಬರೆಸಿದನು. ‘ಡೂಮ್ಸ್‌ಡೇ ಪುಸ್ತಕ’ವೆಂದು ಅದು ಪ್ರಸಿದ್ಧ. ಅದರ ಒಂಬೈನೂರನೆಯ ವರ್ಷದ ನೆನಪಿಗೆ ೧೯೮೬ರಲ್ಲಿ ಬಿ.ಬಿ.ಸಿ. ಸಂಸ್ಥೆಯು ದೇಶದ ಹೊಸ ವಿವರಗಳನ್ನು ಸಂಗ್ರಹಿಸಿ ಲೇಸರ್ ತಟ್ಟೆಗಳಲ್ಲಿ ತುಂಬಿತು. ಹದಿನೈದು ವರ್ಷ ಕಳೆಯುವುದರೊಳಗೆ ಆ ತಟ್ಟೆಗಳನ್ನು ಓದುವ ಯಂತ್ರಗಳೇ ವಿರಳವಾಗಿ, ವಿಷಯವನ್ನು ಉಳಿಸಲು ಸಂಶೋಧಕರು ಹರಸಾಹಸ ಪಡಬೇಕಾಯಿತು. ಮೂಲ ಪುಸ್ತಕವಾದರೋ ಇಂದಿಗೂ ಓದಲು ಬರುತ್ತದೆ.

ಮಾಧ್ಯಮಗಳ ಬಲಾಬಲ

ಹಾರ್ಡ್ ಡಿಸ್ಕು ಸದಾ ತಿರುಗುವ ಯಂತ್ರವಾದುದರಿಂದ ಮೂರರಿಂದ ಐದು ವರ್ಷ ದುಡಿದ ಮೇಲೆ ಅದರಲ್ಲಿ ನಂಬಿಕೆ ಇಡುವುದು ಜಾಣತನವಲ್ಲ. ಪೆನ್ ಡ್ರೈವ್ ಮೊದಲಾದವು ವಿದ್ಯುತ್ಕಣಗಳನ್ನು ಸೆರೆಹಿಡಿದು ನೆನಪಿಡುತ್ತವೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಿಟ್ಟರೆ ಆ ಕಣಗಳು ಸೋರಿಹೋಗುತ್ತವೆ. ಅವು ಸಾಗಣೆಗೆ ಯೋಗ್ಯ, ಸಂರಕ್ಷಣೆಗೆ ಅಲ್ಲ.

ದೊಡ್ಡ ಬ್ಯಾಂಕುಗಳೂ ಉದ್ದಿಮೆಗಳೂ ಇಂದಿಗೂ ಕಾಂತಪಟ್ಟಿಯನ್ನು, ಎಂದರೆ ಟೇಪನ್ನು, ಕೈಬಿಟ್ಟಿಲ್ಲ. ‘ಎಲ್.ಟಿ.ಓ.’ ಎಂಬ ಜಾತಿಯ ಪಟ್ಟಿಯ ಒಂದು ಸುರುಳಿ ೨೦೦೦ದಲ್ಲಿ ೧೦೦ ಗಿಗಾಬೈಟುಗಳನ್ನು ಹಿಡಿಯುತ್ತಿತ್ತು. ೨೦೨೧ರಲ್ಲಿ ಬಂದ ಒಂಬತ್ತನೆಯ ತಲೆಮಾರಿನದು ೧೮,೦೦೦ ಗಿಗಾಬೈಟುಗಳನ್ನು ಹಿಡಿಯುತ್ತದೆ. ತಂಪಾದ ಒಣ ಸ್ಥಳದಲ್ಲಿಟ್ಟರೆ ಮೂವತ್ತು ವರ್ಷ ಬಾಳುವುದೆಂದು ತಯಾರಕರ ಹೇಳಿಕೆ. ಕಪಾಟಿನಲ್ಲಿರುವಾಗ ಅದಕ್ಕೆ ವಿದ್ಯುತ್ತು ಬೇಡ. ಯಾವ ತಂತಿಗೂ ಸೇರಿರದ ಕಾರಣ ದೂರದಿಂದ ನುಸುಳುವ ಗಣಕಚೋರರಿಗೂ ಅದು ಎಟುಕದು. ಆದರೆ ಎಂಟು ಮತ್ತು ಒಂಬತ್ತನೆಯ ತಲೆಮಾರಿನ ಯಂತ್ರಗಳು ತಮಗಿಂತ ಒಂದೇ ತಲೆಮಾರು ಹಿಂದಿನ ಪಟ್ಟಿಯನ್ನು ಮಾತ್ರ ಓದಬಲ್ಲವು. ಪಟ್ಟಿ ಮೂವತ್ತು ವರ್ಷ ಬಾಳಿದರೂ ಅದನ್ನು ಓದುವ ಯಂತ್ರ ಅಷ್ಟು ಕಾಲ ದೊರೆಯುವುದು ದುರ್ಲಭ.

ಇನ್ನು ‘ಕ್ಲೌಡ್’ ಎಂಬುದು ಹೆಸರಿಗೆ ಮೇಘವಾದರೂ ಭೂಮಿಯ ಮೇಲೆ ಯಾರದೋ ಕಟ್ಟಡದಲ್ಲಿರುವ ಯಂತ್ರಗಳ ಸಾಲೇ ಸರಿ. ಬಾಡಿಗೆ ಕಟ್ಟುವವರೆಗೆ ಉತ್ತಮ ವ್ಯವಸ್ಥೆ. ಬಾಡಿಗೆ ನಿಂತರೆ ಗೋದಾಮಿನ ಬಾಗಿಲು ಮುಚ್ಚುತ್ತದೆ.

ಕಲ್ಲಿನಲ್ಲಿ ಕೆಲವೇ ಪಂಕ್ತಿಗಳು, ಬಾಳುವುದು ಸಹಸ್ರ ವರ್ಷ. ಕಾಂತಪಟ್ಟಿಯಲ್ಲಿ ಒಂದು ಗ್ರಂಥಾಲಯವೇ ಅಡಗಿದೆ, ಬಾಳುವುದು ಒಂದು ತಲೆಮಾರು. ತುಂಬುವ ಶಕ್ತಿ ಹೆಚ್ಚಿದಷ್ಟೂ ತಾನಾಗಿ ಉಳಿಯುವ ಶಕ್ತಿ ಕುಗ್ಗುತ್ತದೆ. ಕುಗ್ಗಿದ ಆ ಶಕ್ತಿಯನ್ನು ಮನುಷ್ಯನ ಎಚ್ಚರವೇ ತುಂಬಿಕೊಡಬೇಕು. ತಾಳೆಗರಿಯ ಗ್ರಂಥಗಳು ನಮ್ಮ ಕಾಲಕ್ಕೆ ಬಂದುದೂ ಹೀಗೆಯೇ. ಹಳೆಯ ಗರಿ ಮುರಿಯುವ ಮೊದಲೇ ಲಿಪಿಕಾರನೊಬ್ಬನು ಹೊಸ ಗರಿಯ ಮೇಲೆ ಪ್ರತಿಮಾಡಿದುದರಿಂದ ಅವು ಉಳಿದವು.

ಪಾಲಿಸತಕ್ಕ ನಿಯಮಗಳು

ಮೊದಲನೆಯದು, ಮೂರು ಪ್ರತಿಗಳು. ಅವು ಎರಡು ಬೇರೆ ಬಗೆಯ ಸಾಧನಗಳಲ್ಲಿರಬೇಕು. ಅವುಗಳಲ್ಲಿ ಒಂದು ಬೇರೆ ಊರಿನಲ್ಲಿರಬೇಕು. ೨೦೨೧ರ ನವೆಂಬರಿನ ಮಳೆಯಲ್ಲಿ ಯಲಹಂಕದ ಕೆರೆಯ ನೀರು ಉಕ್ಕಿ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದ ನೆಲಮಟ್ಟವನ್ನು ಮುಳುಗಿಸಿತು. ೨೦೨೪ರ ಅಕ್ಟೋಬರಿನಲ್ಲಿ ಅದೇ ದುಃಸ್ಥಿತಿ ಮರುಕಳಿಸಿತು. ಇಂತಹ ನೀರಿನಲ್ಲಿ ಒಂದೇ ಕೋಣೆಯಲ್ಲಿಟ್ಟ ಮೂರು ಪ್ರತಿಗಳು ಒಂದೇ ಪ್ರತಿಗೆ ಸಮಾನ.

ಎರಡನೆಯದು, ತಾಳೆ ನೋಡುವುದು. ಕಾಲಕ್ರಮದಲ್ಲಿ ದತ್ತಾಂಶದ ಒಂದು ಬಿಂದು ಸದ್ದಿಲ್ಲದೆ ಕೆಡಬಹುದು. ಕಿರ್ದಿಯ ಪುಟದಡಿಯಲ್ಲಿ ಮೊತ್ತ ಹಾಕುತ್ತಿದ್ದಂತೆ ಗಣಕಯಂತ್ರವೂ ಕಡತವೊಂದರ ಎಲ್ಲ ಅಂಶಗಳಿಂದ ಒಂದು ಸಂಖ್ಯಾಮುದ್ರೆಯನ್ನು ಕಟ್ಟಬಲ್ಲದು. ‘ಹ್ಯಾಷ್’ ಎಂದು ಅದರ ಹೆಸರು. ಒಂದಕ್ಷರ ಬದಲಾದರೂ ಮುದ್ರೆ ಬದಲಾಗುತ್ತದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಗಣಕದಾಖಲೆಯೊಡನೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಈ ಮುದ್ರೆಯನ್ನು ಕಾಣಿಸಲು ಹೇಳುತ್ತದೆ. ತಾಮ್ರಪಟದ ಬಳೆಯ ಮೇಲಿನ ರಾಜಮುದ್ರೆ ಹೊಸ ರೂಪದಲ್ಲಿ ಮರಳಿದಂತಾಗಿದೆ.

ಮೂರನೆಯದು, ದೀಪ ಇಳಿಬಿಡುವುದು. ವರ್ಷಕ್ಕೊಮ್ಮೆಯಾದರೂ ಹಳೆಯ ಪ್ರತಿಯೊಂದನ್ನು ತೆರೆದು ಓದಿ ನೋಡಬೇಕು. ಐದಾರು ವರ್ಷಗಳಿಗೊಮ್ಮೆ ಎಲ್ಲವನ್ನೂ ಹೊಸ ಸಾಧನಕ್ಕೆ ವರ್ಗಾಯಿಸಬೇಕು. ಒಂದೇ ತಂತ್ರಾಂಶಕ್ಕೆ ಕಟ್ಟುಬೀಳದ ಸರಳ ರೂಪದಲ್ಲಿ, ಉದಾಹರಣೆಗೆ ಸಂರಕ್ಷಣೆಗೆಂದೇ ೨೦೦೫ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ‘ಪಿ.ಡಿ.ಎಫ್.-ಎ’ ರೂಪದಲ್ಲಿ, ಒಂದು ಪ್ರತಿಯನ್ನು ಇಡುವುದು ಲೇಸು. ಸಣ್ಣ ವರ್ತಕನು ವರ್ಷಾಂತ್ಯದ ಆಢಾವೆಯನ್ನಾದರೂ ಒಳ್ಳೆಯ ಕಾಗದದ ಮೇಲೆ ಮುದ್ರಿಸಿ ಹೊಲಿಸಿಟ್ಟರೆ ನಷ್ಟವಿಲ್ಲ.

ನಾಲ್ಕನೆಯದು, ಅವಧಿಯ ವಿವೇಕ. ೨೦೧೩ರ ಕಂಪನಿಗಳ ಅಧಿನಿಯಮವು ಲೆಕ್ಕಪುಸ್ತಕಗಳನ್ನು ಎಂಟು ಆರ್ಥಿಕ ವರ್ಷಗಳ ಕಾಲ ಇಡಲು ವಿಧಿಸುತ್ತದೆ. ಸರಕು ಮತ್ತು ಸೇವಾ ತೆರಿಗೆಯ ಕಾನೂನು ವಾರ್ಷಿಕ ವಿವರಣೆ ಸಲ್ಲಿಸಬೇಕಾದ ಕೊನೆಯ ದಿನದಿಂದ ೭೨ ತಿಂಗಳುಗಳನ್ನು ಗೊತ್ತುಮಾಡಿದೆ. ೨೦೨೩ರ ಏಪ್ರಿಲ್ ೧ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ದಾಖಲಿಸಬೇಕು. ಒರಸಿದರೂ ಒರಸಿದ ಗುರುತು ಉಳಿಯಬೇಕೆಂಬುದು ಇದರ ತಾತ್ಪರ್ಯ. ಕ್ರಯಪತ್ರ, ಪಾಲುಪಾರಿಕತ್ತು, ದಾನಪತ್ರಗಳಿಗೆ ಅವಧಿಯೇ ಇಲ್ಲ, ಅವು ಶಾಶ್ವತ. ಹಾಗೆಂದು ಎಲ್ಲವನ್ನೂ ಎಂದೆಂದಿಗೂ ಕೂಡಿಹಾಕುವುದೂ ತರವಲ್ಲ. ಉದ್ದೇಶ ತೀರಿದ ಮೇಲೆ ಜನರ ಖಾಸಗಿ ವಿವರಗಳನ್ನು ಅಳಿಸಬೇಕೆಂಬುದು ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಆಶಯ.

ಐದನೆಯದು, ಹೊಣೆಗಾರನ ನೇಮಕ. ಸರ್ಕಾರದ ಕಾಗದಪತ್ರಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯುಂಟು; ವರ್ತಕನಿಗೆ ಅವನೇ ಪತ್ರಾಗಾರ. ಯಾವುದು ಎಲ್ಲಿದೆ, ಯಾವ ಗುಪ್ತಪದದಿಂದ ತೆರೆಯುತ್ತದೆ, ಯಾವಾಗ ನವೀಕರಿಸಬೇಕು ಎಂಬುದನ್ನು ಇಬ್ಬರಾದರೂ ಬಲ್ಲವರಿರಬೇಕು. ಬಲ್ಲವನೊಬ್ಬನೇ ಆಗಿ ಅವನು ಅಗಲಿದರೆ ದತ್ತಾಂಶವೂ ಅವನೊಡನೆಯೇ ಅಗಲುತ್ತದೆ.

ವಿದ್ಯಾಸಂಸ್ಥೆಗಳಿಗೂ ಇದೇ ಮಾತು

ವರ್ತಕರಿಗೆ ಹೇಳಿದ ಈ ಮಾತು ಮಠಗಳಿಗೂ ಶಾಲೆಗಳಿಗೂ ಅನ್ವಯಿಸುತ್ತದೆ. ಶಾಲೆಯ ದಾಖಲಾತಿ ವಹಿಯಲ್ಲಿರುವ ಒಂದು ಪಂಕ್ತಿಯಿಂದ, ಓದು ಮುಗಿಸಿ ಐವತ್ತು ವರ್ಷವಾದ ಹಿರಿಯರೊಬ್ಬರ ಜನ್ಮದಿನಾಂಕ ಸಿದ್ಧವಾಗುತ್ತದೆ. ಅದರಿಂದಲೇ ಅವರ ನಿವೃತ್ತಿವೇತನವೋ ವಾರಸುದಾರಿಕೆಯೋ ನಿರ್ಣಯವಾಗಬಹುದು. ದಾನಿಗಳು ದತ್ತಿಯಿಡುವಾಗ ‘ಇದರ ಬಡ್ಡಿಯಿಂದ ಇಂತಹ ಬಡ ವಿದ್ಯಾರ್ಥಿಗೆ ಅನ್ನ-ಪುಸ್ತಕ ಸಲ್ಲಬೇಕು’ ಎಂದು ವಿಧಿಸುತ್ತಾರೆ. ಹಣ ಬ್ಯಾಂಕಿನಲ್ಲಿ ಉಳಿದು ಆ ವಿಧಿಯ ಕಾಗದ ಕಳೆದುಹೋದರೆ ದಾನದ ದೇಹವುಳಿದು ಪ್ರಾಣ ಹೋದಂತೆ. ಅಂದಿನವರು ದತ್ತಿಯನ್ನು ಕಲ್ಲಿನಲ್ಲಿ ಬರೆಸಿದುದು ದಾನಿಯ ಕೀರ್ತಿಗಾಗಿ ಮಾತ್ರವಲ್ಲ. ಅವನ ಇಚ್ಛೆ ಅವನ ಕಾಲಾನಂತರವೂ ನಡೆಯಲೆಂದು.

ಇಂದು ಕಲ್ಲಿನ ಕಾಲ ಸಂದಿದೆ. ದಾಖಲೆಯು ತಾನಾಗಿ ಉಳಿಯುವ ಕಾಲವೂ ಸಂದಿದೆ. ವಹಿಯ ಪುಟಗಳನ್ನು ಒಮ್ಮೆ ಚಿತ್ರತೆಗೆದು ತಟ್ಟೆಯಲ್ಲಿಟ್ಟೊಡನೆ ಕೆಲಸ ಮುಗಿಯಿತೆಂದು ಭಾವಿಸದೆ, ವರ್ಷವರ್ಷವೂ ತೆರೆದು, ತಾಳೆ ನೋಡಿ, ಹೊಸ ಪ್ರತಿಗೆ ಇಳಿಸಿ ಮುಂದಿನ ಕೈಗೆ ಒಪ್ಪಿಸಬೇಕು. ಕಡತವನ್ನು ಒರಸದೆ ಉಳಿಸಿದ, ಮುರಿಯುತ್ತಿದ್ದ ತಾಳೆಗರಿಯನ್ನು ಪ್ರತಿಮಾಡಿದ ಹಿಂದಿನವರಂತೆ ಇದನ್ನೂ ಒಂದು ಕಾಯಕವೆಂದು ತಿಳಿದು ನಡೆಸುವವರಿದ್ದರೆ ಕಾಂತಪಟ್ಟಿಗೂ ಕಲ್ಲಿನ ಬಾಳು ಬಂದೀತು.